ನಾಲ್ಕು ವರ್ಷ ಬಳಸಿದ ಬಿ.ಪಿ. ಯಂತ್ರ: ತಪ್ಪು ಇದ್ದದ್ದು ಪಟ್ಟಿಯಲ್ಲಿ

ಮೇಲ್ತೋಳಿಗೆ ಪಟ್ಟಿ ಸುತ್ತಿ, ಗುಂಡಿ ಒತ್ತಿ ರಕ್ತದೊತ್ತಡ ನೋಡುವ ಸಾಮಾನ್ಯ ಯಂತ್ರವಿದು. ಅಂಕಿಗಳನ್ನು ತಾನೇ ಮೊಬೈಲ್‌ಗೆ ಕಳುಹಿಸುವ ದುಬಾರಿ ಮಾದರಿಯೂ ಇತ್ತು. ತಿಂಗಳು ತಿಂಗಳೂ ಮಾತ್ರೆಗೆಂದು ಹಣ ಎತ್ತಿಡಬೇಕಾದ ನನಗೆ ಅದು ಬೇಡವೆನ್ನಿಸಿತು. ಬರೆದಿಡಲು ಪುಸ್ತಕವಿದೆ, ಪೆನ್ನಿದೆ. ಆ ಆಯ್ಕೆಯ ಬಗ್ಗೆ ಇಂದಿಗೂ ಬೇಸರವಿಲ್ಲ. ನನ್ನ ಸಿಟ್ಟೆಲ್ಲ ಪಟ್ಟಿಯ ಮೇಲೆ.

ಮೊದಲು ನನಗೆ ಇಷ್ಟವಾದದ್ದನ್ನು ಹೇಳುತ್ತೇನೆ. ವೈದ್ಯರನ್ನು ಕಾಣುವ ಮುಂಚಿನ ಏಳು ದಿನ ನಾನು ಬೆಳಿಗ್ಗೆ, ಸಂಜೆ ಅಳೆಯುತ್ತೇನೆ. ಬೆಳಗಿನ ಮಾತ್ರೆ ನುಂಗುವ ಮೊದಲೇ ಬೆನ್ನೊರಗಿಸಬಹುದಾದ ಕುರ್ಚಿಯಲ್ಲಿ ಕುಳಿತು ಐದು ನಿಮಿಷ ಸುಮ್ಮನಿರುತ್ತೇನೆ. ಪಾದಗಳು ನೆಲದ ಮೇಲೆ. ಕಾಲ ಮೇಲೆ ಕಾಲು ಹಾಕುವಂತಿಲ್ಲ. ತೋಳು ಹೃದಯದ ಮಟ್ಟಕ್ಕೆ ಬರಲೆಂದು ಮೇಜಿನ ಮೇಲೆ ಮಡಿಸಿಟ್ಟ ಟವೆಲ್. ಪಟ್ಟಿ ಬರಿಯ ತೋಳಿಗೇ, ಬಟ್ಟೆಯ ಮೇಲಲ್ಲ. ಗಾಳಿ ತುಂಬುವ ಸದ್ದು, ಬಿಗಿತ, ಆಮೇಲೆ ಪಟ್ಟಿ ಸಡಿಲವಾಗುತ್ತಾ ಬೆರಳ ತುದಿಗೆ ರಕ್ತ ಮರಳುವಾಗಿನ ಸಣ್ಣ ಜುಮುಜುಮು. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ. ಎರಡನ್ನೂ ಬರೆದುಕೊಳ್ಳುತ್ತೇನೆ, ಮೊದಲ ದಿನದ ಅಂಕಿಗಳನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯುತ್ತೇನೆ. ಆ ಐದು ನಿಮಿಷ ಯಾರೂ ನನ್ನನ್ನು ಕರೆಯುವುದಿಲ್ಲ. ಯಂತ್ರ ಕೊಳ್ಳುವಾಗ ಈ ನೆಮ್ಮದಿಯನ್ನು ನಾನು ಎಣಿಸಿಯೇ ಇರಲಿಲ್ಲ.

ಆದರೆ ಮೊದಲ ಎಂಟು ತಿಂಗಳು ಈ ಶ್ರದ್ಧೆಯೆಲ್ಲ ನನಗೇ ಮುಳುವಾಯಿತು. ಮೇಲಿನ ಸಂಖ್ಯೆ 150ರಿಂದ ಕೆಳಗಿಳಿಯುತ್ತಲೇ ಇರಲಿಲ್ಲ. ಸರಾಸರಿಯನ್ನಷ್ಟೇ ನೋಡಿ ವೈದ್ಯರು ಔಷಧದ ಪ್ರಮಾಣ ಹೆಚ್ಚಿಸಿದರು. ಕುಳಿತಲ್ಲಿಂದ ಎದ್ದರೆ ತಲೆ ಸುತ್ತತೊಡಗಿತು. ಒತ್ತಡ ಹೆಚ್ಚಿರುವುದರಿಂದಲೇ ಹೀಗಾಗುತ್ತಿದೆ ಎಂದುಕೊಂಡು ಇನ್ನಷ್ಟು ಹೆದರಿದೆ. ಕೊನೆಗೆ ಚಿಕಿತ್ಸಾಲಯದ ದಾದಿಯೊಬ್ಬರು ಯಂತ್ರವನ್ನೇ ತರಲು ಹೇಳಿ, ಟೇಪಿನಿಂದ ನನ್ನ ತೋಳಿನ ಸುತ್ತಳತೆ ತೆಗೆದರು: 36 ಸೆಂಟಿಮೀಟರ್. ಪೆಟ್ಟಿಗೆಯಲ್ಲಿ ಬಂದಿದ್ದ ಪಟ್ಟಿ 22ರಿಂದ 32 ಸೆಂಟಿಮೀಟರ್ ತೋಳಿಗೆ! ಪಟ್ಟಿ ಚಿಕ್ಕದಾದರೆ ಒತ್ತಡ ಇದ್ದುದಕ್ಕಿಂತ ಹೆಚ್ಚು ತೋರಿಸುತ್ತದೆ. ದೊಡ್ಡ ಪಟ್ಟಿ ಹಾಕಿ ಅಳೆದಾಗ ಮೇಲಿನ ಸಂಖ್ಯೆ ಹತ್ತಕ್ಕೂ ಹೆಚ್ಚು ಇಳಿಯಿತು.

ಆ ಅಳತೆ ಪಟ್ಟಿಯ ಒಳಮೈಯಲ್ಲಿ ಅಚ್ಚಾಗಿತ್ತು, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ. ದೊಡ್ಡ ಪಟ್ಟಿಯನ್ನು ಬೇರೆಯಾಗಿಯೇ ಕೊಳ್ಳಬೇಕು. ಈ ಯಂತ್ರ ರೂಪಿಸುವಾಗ ದಪ್ಪ ತೋಳಿನವರನ್ನೋ ಕಣ್ಣು ಮಂಜಾದವರನ್ನೋ ಒಬ್ಬರನ್ನಾದರೂ ಕೂರಿಸಿಕೊಂಡು ಕೇಳಿದ್ದರೆ, ಪೆಟ್ಟಿಗೆಯ ಮೇಲೆಯೇ ದೊಡ್ಡದಾಗಿ 'ಮೊದಲು ತೋಳನ್ನು ಅಳೆಯಿರಿ' ಎಂದು ಬರೆಸುತ್ತಿದ್ದರು. ರೋಗಿಗಳನ್ನು ಕೇಳದೆ ರೋಗಿಗಳಿಗಾಗಿ ಮಾಡಿದ ವಸ್ತುವಿನ ಬೆಲೆಯನ್ನು ನಾನು ಎಂಟು ತಿಂಗಳು ತೆತ್ತೆ.

ದಾದಿಯ ಆ ಟೇಪಿನಿಂದಲೇ ಎಲ್ಲವೂ ಬದಲಾಯಿತು. ಔಷಧದ ಪ್ರಮಾಣ ಇಳಿಯಿತು. ಅಂದು ವೈದ್ಯರು ನನ್ನ ಪುಸ್ತಕವನ್ನು ಮೊದಲ ಬಾರಿಗೆ ಹಾಳೆ ತಿರುವಿ ನೋಡಿ, "ಇದರಲ್ಲಿ ನಿಮಗೆ ಏನು ಕಾಣುತ್ತಿದೆ?" ಎಂದು ಕೇಳಿದರು. ನಿದ್ದೆಗೆಟ್ಟ ರಾತ್ರಿಯ ಮರುದಿನ ಅಂಕಿ ಏರುವುದನ್ನು ತೋರಿಸಿದೆ. ಅವರು ಅದನ್ನು ಕಡತದಲ್ಲಿ ಬರೆದುಕೊಂಡರು. ನಾನು ಹೇಳಿದ ಮಾತನ್ನು ಯಾರೋ ಬರೆದುಕೊಂಡದ್ದು ಅದೇ ಮೊದಲು.

ಇಬ್ಬರೂ ಸೇರಿ ಒಂದು ಪುಟದ ಯೋಜನೆ ಮಾಡಿದೆವು. ಮನೆಯ ಸರಾಸರಿ 135/85ರ ಕೆಳಗಿರಬೇಕು. ಮೀರಿದರೆ ಏನು ಮಾಡಬೇಕು, ಯಾವಾಗ ಫೋನ್ ಮಾಡಬೇಕು ಎಂಬುದು ಅದರಲ್ಲಿದೆ. 180/120 ದಾಟಿ ಎದೆನೋವೋ ಉಸಿರಾಟದ ತೊಂದರೆಯೋ ಇದ್ದರೆ ಫೋನಿಗೆ ಕಾಯದೆ ನೇರ ತುರ್ತು ಚಿಕಿತ್ಸೆಗೆ. 2010ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ರೋಗಿಗಳು ಮನೆಯಲ್ಲೇ ಅಳೆದು, ವೈದ್ಯರೊಂದಿಗೆ ಮೊದಲೇ ಒಪ್ಪಿಕೊಂಡ ಯೋಜನೆಯಂತೆ ಔಷಧದ ಪ್ರಮಾಣವನ್ನು ತಾವೇ ಹೆಚ್ಚಿಸಿಕೊಂಡಿದ್ದರು. ಒಂದು ವರ್ಷದ ಬಳಿಕ ಅವರ ಒತ್ತಡ ಎಂದಿನ ಚಿಕಿತ್ಸೆ ಪಡೆದವರಿಗಿಂತ ಹೆಚ್ಚು ಇಳಿದಿತ್ತು. ನನಗೆ ಅಷ್ಟು ಧೈರ್ಯವಿಲ್ಲ; ಮಾತ್ರೆ ಬದಲಿಸುವ ಮೊದಲು ಈಗಲೂ ಕೇಳುತ್ತೇನೆ. ಆದರೆ ಕೇಳುವಾಗ ನನ್ನ ಕೈಯಲ್ಲಿ ಅಂಕಿಗಳಿರುತ್ತವೆ.

ಆ ಚಿಕಿತ್ಸಾಲಯ ಕೊಡುವ ದಾಖಲೆ ಹಾಳೆಯ ಬಗ್ಗೆಯೂ ಹೇಳಬೇಕು, ಏಕೆಂದರೆ ಅದರಲ್ಲಿ ನಮ್ಮ ಕೈ ಇದೆ. ಹಿಂದೆ ಅದರಲ್ಲಿ ಅಂಕಿಗಳಿಗೆ ಎರಡು ಸಣ್ಣ ಕಾಲಂಗಳಿದ್ದವು, ಅಷ್ಟೇ. ರೋಗಿಗಳಾದ ನಾವು ಆರು ಜನರನ್ನು ಕರೆದು ಏನು ಬೇಕೆಂದು ಕೇಳಿದರು. ಕೈ ನಡುಗುವವರೊಬ್ಬರು ಚೌಕಗಳನ್ನು ದೊಡ್ಡದು ಮಾಡಿ ಎಂದರು. ನಾನು ಮೂರನೆಯ ಕಾಲಂ ಕೇಳಿದೆ: ಅಂದು ಮಾತ್ರೆ ತಪ್ಪಿತೇ, ನಿದ್ದೆ ಬಂತೇ, ನೋವಿತ್ತೇ ಎಂದು ಬರೆಯಲು. ಎರಡೂ ಹೊಸ ಹಾಳೆಯಲ್ಲಿವೆ.

ಯಂತ್ರಕ್ಕೆ ಐದರಲ್ಲಿ ಮೂರು. ವರ್ಷಕ್ಕೊಮ್ಮೆ ಚಿಕಿತ್ಸಾಲಯದ ಯಂತ್ರದ ಜೊತೆ ಹೋಲಿಸಿ ನೋಡುತ್ತೇವೆ, ಈವರೆಗೆ ಮೋಸ ಮಾಡಿಲ್ಲ. ಮನೆಯ ಇನ್ನೊಬ್ಬರು ಅಳೆದರೆ ಅವರ ಅಂಕಿಯನ್ನೂ ನನ್ನದರ ಜೊತೆಗೇ ಬೆರೆಸಿಬಿಡುತ್ತದೆ, ಅದೊಂದು ಕಿರಿಕಿರಿ. ದೊಡ್ಡ ಪಟ್ಟಿಯ ಅಂಟು ಈಗ ಸಡಿಲವಾಗಿದೆ. ಹೊಸದನ್ನು ಕೊಳ್ಳಲು ಹೋಗುವಾಗ ಟೇಪನ್ನೂ ಜೊತೆಗೆ ಒಯ್ಯುತ್ತೇನೆ.