‘925’ ಮುದ್ರೆ ಇರೋದು ಲಾಕ್ ಮೇಲೆ, ಸರದ ಮೇಲಲ್ಲ: ಆನ್‌ಲೈನ್‌ನಲ್ಲಿ ಕ್ಯೂಬನ್ ಚೈನ್ ಕೊಳ್ಳುವವರ ಗಮನಕ್ಕೆ

ಜಾಹೀರಾತಿನಲ್ಲಿ ಕಂಡದ್ದು: 12 ಎಂಎಂ ಅಗಲ, 20 ಇಂಚು ಉದ್ದದ ‘ಐಸ್ಡ್ ಔಟ್’ (ಮೈತುಂಬ ಹರಳು ಕೂರಿಸಿದ) ಕ್ಯೂಬನ್ ಚೈನ್, ಅಂದರೆ ದಪ್ಪ ಕೊಂಡಿಗಳನ್ನು ಒತ್ತಾಗಿ ಹೆಣೆದ ಸರ. 925 ಸಿಲ್ವರ್ (ನೂರಕ್ಕೆ 92.5 ಪಾಲು ಬೆಳ್ಳಿ), ವಿವಿಎಸ್ ಮೊಯ್ಸನೈಟ್ (ವಜ್ರದ ಹಾಗೆ ಹೊಳೆಯುವ, ವಜ್ರವಲ್ಲದ ಹರಳು), 18ಕೆ ಗೋಲ್ಡ್. 14,999 ಅನ್ನು ಹೊಡೆದು ಹಾಕಿ ಪಕ್ಕದಲ್ಲಿ 4,499 ರೂಪಾಯಿ. ಮೂರು ವಾರ ಕಾಯಿಸಿ ಕೈಗೆ ಬಂದದ್ದು: ಗಿಲೀಟು ಹಾಕಿದ ಹಿತ್ತಾಳೆ ಸರ, ಅಂಟಿನಲ್ಲಿ ಕೂರಿಸಿದ ಅಮೆರಿಕನ್ ಡೈಮಂಡ್ ಹರಳು, ಜೊತೆಗೊಂದು ಪ್ಲಾಸ್ಟಿಕ್ ‘ಸರ್ಟಿಫಿಕೇಟ್’ ಕಾರ್ಡು. ಲಾಕಿನ ಒಳಮೈಯಲ್ಲಿ 925 ಅನ್ನೋ ಮುದ್ರೆಯೂ ಇತ್ತು. ಕೆಲವೇ ದಿನ ಬೆವರು ತಾಗಿದ ಮೇಲೆ ಕುತ್ತಿಗೆಗೆ ತಾಗುವ ಕಡೆ ಬಣ್ಣ ಎದ್ದುಹೋಯಿತು, ಚರ್ಮದ ಮೇಲೆ ಹಸಿರು ಗೆರೆ ಮೂಡಿತು. ಹರಳು ಉದುರಿದ ಕಡೆಗಳಲ್ಲಿ ಒಣಗಿದ ಅಂಟಿನ ಹಳದಿ ಚುಕ್ಕೆ.

ಇದು ಒಂದೇ ಅಂಗಡಿಯ ಕಥೆಯಲ್ಲ. ಇನ್‌ಸ್ಟಾಗ್ರಾಂ ಜಾಹೀರಾತಿನ ಮೂಲಕ ಬರುವ ಇಂಥ ಸೈಟುಗಳೆಲ್ಲ ಹೆಚ್ಚುಕಡಿಮೆ ಒಂದೇ ಆಟ ಆಡುತ್ತವೆ, ಅದಕ್ಕೇ ಆ ಆಟವನ್ನು ಬಿಡಿಸಿ ಹೇಳಬೇಕು. ಗಿಲೀಟು ಸರ ಹಾಕಿಕೊಳ್ಳೋದು ತಪ್ಪೇನಲ್ಲ. ನಮ್ಮಲ್ಲಿ ಒಂದು ಗ್ರಾಂ ಚಿನ್ನದ ಒಡವೆಯನ್ನು ಎಷ್ಟೋ ಜನ ಗೊತ್ತಿದ್ದೇ ಕೊಳ್ಳುತ್ತಾರೆ. ಗಿಲೀಟನ್ನು ಬೆಳ್ಳಿ ಅಂತ ಹೇಳಿ ಮಾರೋದು ಮೋಸ.

ಮೊದಲು ನೋಡಬೇಕಾದ್ದು ತೂಕ. ಇಂಥ ಸೈಟುಗಳಲ್ಲಿ ಎಂಎಂ ಇರುತ್ತದೆ, ಇಂಚು ಇರುತ್ತದೆ, ಗ್ರಾಂ ಮಾತ್ರ ಎಲ್ಲೂ ಇರಲ್ಲ. 12 ಎಂಎಂ, 20 ಇಂಚಿನ ಗಟ್ಟಿ ಬೆಳ್ಳಿ ಕ್ಯೂಬನ್ ಸಲೀಸಾಗಿ 100 ಗ್ರಾಂ ದಾಟುತ್ತದೆ. ಗ್ರಾಂಗೆ 100 ರೂಪಾಯಿ ಅಂತ ಇವತ್ತು ಯಾರೂ ಕೊಡದ ದರ ಹಿಡಿದರೂ ಬರೀ ಬೆಳ್ಳಿಗೇ 10,000 ಆಯಿತು. ಮಜೂರಿ, ಹರಳು, 3% ಜಿಎಸ್‌ಟಿ ಆಮೇಲಿನ ಮಾತು. ಅದು 4,499ಕ್ಕೆ ಬರುತ್ತದೆ ಅಂದರೆ ಒಂದೋ ಟೊಳ್ಳು, ಇಲ್ಲವೇ ಬೆಳ್ಳಿಯೇ ಅಲ್ಲ. ಕಾಸು ಕಟ್ಟುವ ಮುಂಚೆ ‘ಹರಳು ಬಿಟ್ಟು ಬೆಳ್ಳಿಯ ನಿವ್ವಳ ತೂಕ ಎಷ್ಟು?’ ಅಂತ ಮೆಸೇಜ್ ಹಾಕಿ. ಉತ್ತರದಲ್ಲಿ ಗ್ರಾಂ ಬರದೆ ‘ಪ್ರೀಮಿಯಂ ಕ್ವಾಲಿಟಿ ಬ್ರೋ’ ಅಂತ ಬಂದರೆ ಅಲ್ಲಿಗೇ ನಿಲ್ಲಿಸಿ.

ಇನ್ನು ಪದಗಳ ಕಸರತ್ತು. ‘18ಕೆ ಗೋಲ್ಡ್ ಪ್ಲೇಟೆಡ್’ ಅಂದಾಗ 18ಕೆ ಅನ್ನೋದು ಮೇಲಿನ ಲೇಪದ ಶುದ್ಧತೆ, ಒಡವೆಯದ್ದಲ್ಲ. ಆ ಲೇಪ ಅಗ್ಗದ ಮಾಲಿನಲ್ಲಿ ಅರ್ಧ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಕೂಡ ಇರಲ್ಲ. ‘ವರ್ಮೇಲ್’ ಅನ್ನೋ ಹೆಸರಿಗೆ ಅಮೆರಿಕದ ನಿಯಮದ ಪ್ರಕಾರ ಒಳಗೆ 925 ಬೆಳ್ಳಿ ಇರಬೇಕು, ಮೇಲೆ ಕನಿಷ್ಠ 10 ಕ್ಯಾರೆಟ್ ಚಿನ್ನ ಕನಿಷ್ಠ 2.5 ಮೈಕ್ರಾನ್ ದಪ್ಪ ಇರಬೇಕು. ಹಿತ್ತಾಳೆ ಮೇಲೆ ‘ವರ್ಮೇಲ್’ ಅಂತ ಬರೆದಿದ್ದರೆ ಅದು ಸುಳ್ಳು. ‘ಜಿಪಿ’, ‘ಎಚ್‌ಜಿಇ’ ಮುದ್ರೆ ಎರಡೂ ಲೇಪವೇ. ‘ಗೋಲ್ಡ್ ಫಿನಿಶ್’ ಅಂದರೆ ಬರೀ ಬಣ್ಣ. ಬರೀ ‘ಅಲಾಯ್’ ಅಂತ ಬರೆದಿದ್ದರೆ ಒಳಗೆ ಏನು ಬೇಕಾದರೂ ಇರಬಹುದು. ನಿಕಲ್ ಇದ್ದರೆ ಅಲರ್ಜಿ ಇರುವವರಿಗೆ ಕುತ್ತಿಗೆ ಸುತ್ತ ತುರಿಕೆ, ದದ್ದು ಖಂಡಿತ. ಅದಕ್ಕೇ ಹಲ್ಲಿಗೆ ಹಾಕುವ ಲೋಹದ ತೊಡವು ‘ಗ್ರಿಲ್ಸ್’ ಅನ್ನು ಈ ಜಾತಿಯ ಸೈಟಿನಿಂದ ತರಿಸಲೇಬೇಡಿ.

925 ಮುದ್ರೆಯನ್ನು ಯಾರು ಬೇಕಾದರೂ ಗುದ್ದಬಹುದು. ಕೆಲವರು ಲಾಕನ್ನು ಮಾತ್ರ ನಿಜವಾದ ಬೆಳ್ಳಿಯಲ್ಲಿ ಮಾಡಿ, ಸರವನ್ನು ಹಿತ್ತಾಳೆಯಲ್ಲಿ ಮಾಡುತ್ತಾರೆ. ಕೇಳಿದರೆ ಮುದ್ರೆ ಲಾಕಿಗೆ ಸಂಬಂಧಿಸಿದ್ದು ಅಂತ ಜಾರಿಕೊಳ್ಳುತ್ತಾರೆ. ನಮ್ಮ ದೇಶದಲ್ಲಿ ಚಿನ್ನಕ್ಕೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ (ಹಾಲ್‌ಮಾರ್ಕ್ ಆದ ಒಂದೊಂದು ಒಡವೆಗೂ ಕೊಡುವ ಗುರುತಿನ ಸಂಖ್ಯೆ) 2023ರ ಏಪ್ರಿಲ್ 1ರಿಂದ ಕಡ್ಡಾಯ. ಬೆಳ್ಳಿಗೂ 2025ರ ಸೆಪ್ಟೆಂಬರ್ 1ರಿಂದ ಎಚ್‌ಯುಐಡಿ ಬಂದಿದೆ, ಆದರೆ ಅದು ಐಚ್ಛಿಕ. ಎಚ್‌ಯುಐಡಿ ಇದ್ದರೆ ಭಾರತೀಯ ಮಾನಕ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಬಹುದು. ಗಿಲೀಟು ಒಡವೆಗೆ ಚಿನ್ನದ ಹಾಲ್‌ಮಾರ್ಕ್ ಎಂದೂ ಸಿಗಲ್ಲ.

ಹರಳಿನ ವಿಷಯದಲ್ಲಿ ಜನ ಹೆಚ್ಚು ಏಮಾರೋದು ಡೈಮಂಡ್ ಟೆಸ್ಟರ್ (ತುದಿ ತಾಗಿಸಿದರೆ ಕೂಗಿ ‘ವಜ್ರ’ ಅಂತ ತೋರಿಸುವ ಪೆನ್ನಿನಂಥ ಸಾಧನ) ವಿಡಿಯೋ ನೋಡಿ. ಆ ಪೆನ್ ನೋಡೋದು ಹರಳು ಶಾಖವನ್ನು ಎಷ್ಟು ಬೇಗ ಎಳೆದುಕೊಳ್ಳುತ್ತದೆ ಅನ್ನೋದನ್ನ. ಮೊಯ್ಸನೈಟ್ ವಜ್ರದ ಹಾಗೇ ಎಳೆದುಕೊಳ್ಳುತ್ತದೆ, ಹಾಗಾಗಿ ಸಾಮಾನ್ಯ ಟೆಸ್ಟರ್‌ನಲ್ಲಿ ಪಾಸಾಗುತ್ತದೆ. ಅಮೆರಿಕನ್ ಡೈಮಂಡ್, ಅಂದರೆ ಸಿಜೆಡ್, ಪಾಸಾಗಲ್ಲ. ಹಾಗಾದರೆ ಸಿಜೆಡ್ ಸರದ ವಿಡಿಯೋದಲ್ಲಿ ಪೆನ್ ಕೂಗಿದ್ದು ಹೇಗೆ? ಬೇರೆ ಸರದ ವಿಡಿಯೋ ಕದ್ದು ಹಾಕಿರುತ್ತಾರೆ, ಇಲ್ಲವೇ ಪೆನ್ನಿನ ತುದಿ ಲೋಹಕ್ಕೆ ತಾಗಿರುತ್ತದೆ. ಲೋಹವೂ ಶಾಖ ಎಳೆಯುತ್ತದಲ್ಲ. ಒಂದೂವರೆ ಎಂಎಂ ಹರಳಿನ ಮೇಲೆ ಲೋಹಕ್ಕೆ ತಾಗದಂತೆ ತುದಿ ಇಡೋದೇ ಕಷ್ಟ.

ಲೂಪ್ (ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವ ಪುಟ್ಟ ಭೂತಗನ್ನಡಿ) ಸಿಕ್ಕರೆ ಟೆಸ್ಟರ್‌ಗಿಂತ ಅದು ವಾಸಿ. 10 ಪಟ್ಟು ದೊಡ್ಡದು ಮಾಡುವ ಲೂಪಿನಲ್ಲಿ ಹರಳನ್ನು ಸ್ವಲ್ಪ ಓರೆ ಹಿಡಿದು, ಮೇಲಿನಿಂದ ಹಿಂಬದಿಯ ಮುಖಗಳ ಅಂಚನ್ನು ನೋಡಿ. ಮೊಯ್ಸನೈಟ್‌ನಲ್ಲಿ ಒಂದೊಂದು ಗೆರೆಯೂ ಜೋಡಿ ಗೆರೆಯಾಗಿ ಕಾಣುತ್ತದೆ, ಸಿಜೆಡ್‌ನಲ್ಲೂ ವಜ್ರದಲ್ಲೂ ಒಂದೇ ಗೆರೆ. ವಜ್ರವನ್ನು 10 ಅಂತ ಹಿಡಿದ ಗಡಸುತನದ ಅಳತೆಯಲ್ಲಿ ಮೊಯ್ಸನೈಟ್ 9.25, ಸಿಜೆಡ್ 8ರಿಂದ 8.5. ಕೆಲವು ತಿಂಗಳು ತೊಟ್ಟ ಸಿಜೆಡ್ ಮಂಕಾಗೋದು ಗೀರು ಮತ್ತು ಚರ್ಮದ ಜಿಡ್ಡಿನಿಂದ. ಸಿಜೆಡ್‌ಗೆ ‘ವಿವಿಎಸ್’ ಅಂತ ಬರೆಯೋದಕ್ಕೆ ಅರ್ಥವೇ ಇಲ್ಲ, ಅದು ವಜ್ರದ ಸ್ವಚ್ಛತೆ ಅಳೆಯುವ ದರ್ಜೆ. ಜೊತೆಗೆ ಬರುವ ಕಾರ್ಡಿನಲ್ಲಿ ಹೆಸರನ್ನು ವಜ್ರಕ್ಕೆ ದರ್ಜೆ ಕೊಡುವ ಹೆಸರಾಂತ ಸಂಸ್ಥೆ ಜಿಐಎ ಥರ ಕಾಣುವಂತೆ ಅಚ್ಚು ಹಾಕಿರುತ್ತಾರೆ. ಕಾರ್ಡಿನ ನಂಬರು ಯಾವ ಹರಳಿನದ್ದು ಅಂತ ನೂರಾರು ಹರಳಿರುವ ಸರದಲ್ಲಿ ಕೇಳಿ ನೋಡಿ.

ಸರವನ್ನು ಒಮ್ಮೆ ತಿರುಗಿಸಿ ಹಿಂಬದಿ ನೋಡಿ. ಮುಳ್ಳು ಹಿಡಿಸಿ ಕೂರಿಸಿದ ಹರಳಿದ್ದರೆ ಸಾಮಾನ್ಯವಾಗಿ ಪ್ರತಿ ಹರಳಿನ ಹಿಂದೆ ಬೆಳಕು ಹೋಗುವ ತೂತು ಇರುತ್ತದೆ. ಹಿಂಬದಿ ಪೂರ್ತಿ ಮುಚ್ಚಿ ಚಪ್ಪಟೆಯಾಗಿದ್ದರೆ ಅಂಟಿನ ಕೆಲಸ ಇರುವ ಸಾಧ್ಯತೆ ಹೆಚ್ಚು. ಬಿಸಿನೀರು, ಸೆಂಟು, ಬೆವರು ಮೂರೂ ಅಂಟಿಗೆ ಶತ್ರು. ಲಾಕ್ ಕೂಡ ನೋಡಿ: ಇಷ್ಟು ಭಾರದ ಸರಕ್ಕೆ ಎರಡೂ ಪಕ್ಕ ಸೇಫ್ಟಿ ಇರುವ ಬಾಕ್ಸ್ ಲಾಕ್ ಬೇಕು.

ಆಯಸ್ಕಾಂತ ಹಿಡಿದು ‘ಅಂಟಲಿಲ್ಲ, ಹಾಗಾದರೆ ಬೆಳ್ಳಿ’ ಅನ್ನಬೇಡಿ. ಹಿತ್ತಾಳೆಯೂ ಅಂಟಲ್ಲ, 316ಎಲ್ ಸ್ಟೀಲೂ ಅಂಟಲ್ಲ. ಹರಳಿಲ್ಲದ ಗಟ್ಟಿ ಸರವಾದರೆ 0.1 ಗ್ರಾಂವರೆಗೆ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಮೊದಲು ಸರ ತೂಗಿ. ಆಮೇಲೆ ನೀರಿನ ಲೋಟ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಸರವನ್ನು ದಾರದಲ್ಲಿ ಕಟ್ಟಿ ತಳಕ್ಕೂ ಪಕ್ಕಕ್ಕೂ ತಾಗದಂತೆ ಪೂರ್ತಿ ಮುಳುಗಿಸಿ, ಗುಳ್ಳೆ ಅಲ್ಲಾಡಿಸಿ ಬಿಡಿಸಿ. ತಕ್ಕಡಿ ತೋರಿಸುವ ಅಂಕಿಯಿಂದ ಸರದ ತೂಕವನ್ನು ಭಾಗಿಸಿ. 10.3ರ ಹತ್ತಿರ ಬಂದರೆ 925 ಬೆಳ್ಳಿ, 8.5 ಆಸುಪಾಸು ಹಿತ್ತಾಳೆ, 8 ಸ್ಟೀಲ್. 120 ಗ್ರಾಂ ಸರವಾದರೆ ಬೆಳ್ಳಿಗೆ ತಕ್ಕಡಿ 11.6 ತೋರಿಸಬೇಕು, ಹಿತ್ತಾಳೆಗೆ 14ರ ಮೇಲೆ. ಹರಳು ಕೂರಿಸಿದ ಸರಕ್ಕೆ ಈ ಲೆಕ್ಕ ನಡೆಯಲ್ಲ, ಹರಳು ಹಗುರ. ಅಂಥದ್ದನ್ನು ಹಾಲ್‌ಮಾರ್ಕಿಂಗ್ ಸೆಂಟರಿಗೆ ಒಯ್ದು ಎಕ್ಸ್-ರೇಯಿಂದ ಲೋಹ ಯಾವುದು ಅಂತ ಪತ್ತೆ ಮಾಡುವ ಎಕ್ಸ್‌ಆರ್‌ಎಫ್ ಮೆಷಿನ್‌ನಲ್ಲಿ ತೋರಿಸಿ. ಆ ಮೆಷಿನ್ ಮೇಲ್ಮೈಯನ್ನಷ್ಟೇ ಓದುತ್ತದೆ, ಆದ್ದರಿಂದ ಲಾಕ್ ಬಿಟ್ಟು ಸರದ ಒಂದು ಕೊಂಡಿಯ ಒಳಬದಿಯಲ್ಲಿ ಚೂರು ಉಜ್ಜಿ ಅಲ್ಲಿ ನೋಡಲು ಹೇಳಿ.

ಮಾಲು ಬಂದಾಗ ಕವರ್ ಒಡೆಯೋದರಿಂದ ಹಿಡಿದು ತಕ್ಕಡಿ ಮೇಲೆ ಇಡೋವರೆಗೆ ಒಂದೇ ವಿಡಿಯೋ, ನಡುವೆ ಕಟ್ ಬೇಡ. ದೂರು ಕೊಟ್ಟ ಕೂಡಲೇ ‘20% ವಾಪಸ್ ಕೊಡ್ತೀವಿ, ಸರ ಇಟ್ಕೊಳ್ಳಿ’ ಅಂತಾರೆ. ಬೇಡ ಅಂದರೆ 30%. ಇದು ಚೌಕಾಸಿಯಲ್ಲ, ಕಾರ್ಡ್ ಡಿಸ್ಪ್ಯೂಟ್ (ಕಾರ್ಡಿನಲ್ಲಿ ಕಟ್ಟಿದ ಹಣ ವಾಪಸ್ ಕೊಡಿಸಿ ಅಂತ ಬ್ಯಾಂಕಿಗೆ ಕೊಡುವ ದೂರು) ಹಾಕುವ ಗಡುವು ಮುಗಿಯಲಿ ಅಂತ ಕಾಲ ತಳ್ಳುವ ಉಪಾಯ. ವಾಪಸ್ ಕಳಿಸಿ ಅಂದರೆ ವಿಳಾಸ ಚೀನಾದ್ದು, ಕೊರಿಯರ್ ಖರ್ಚು ಸರದ ಬೆಲೆಗೆ ಸಮ. ಹಾಗಾಗಿ ಮೊದಲ ಇಮೇಲ್ ಹಾಕಿದ ದಿನವೇ ಬ್ಯಾಂಕಿಗೂ ಡಿಸ್ಪ್ಯೂಟ್ ಹಾಕಿ. ಜಾಹೀರಾತು, ‘925’ ಅಂತ ಬರೆದ ಪುಟ, ಬಿಲ್ಲು ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಆ ಪುಟ ಬೇಗ ಮಾಯವಾಗುತ್ತದೆ. ಕ್ಯಾಶ್ ಆನ್ ಡೆಲಿವರಿಯಲ್ಲಿ ಡಿಸ್ಪ್ಯೂಟ್ ಹಾಕುವ ದಾರಿಯೇ ಇಲ್ಲ, ಅದು ಸುರಕ್ಷಿತ ಅನ್ನೋದು ಭ್ರಮೆ. ಮಾರಿದವರು ಭಾರತದವರಾದರೆ 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರಿಗೆ 48 ಗಂಟೆಯಲ್ಲಿ ಸ್ವೀಕೃತಿ, ಒಂದು ತಿಂಗಳಲ್ಲಿ ಪರಿಹಾರ ಕೊಡಬೇಕು. ಕೊಡದಿದ್ದರೆ ಗ್ರಾಹಕ ಸಹಾಯವಾಣಿ 1915. ಸೈಟೇ ನಕಲಿ ಅನ್ನಿಸಿದರೆ ತಡ ಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ನೀವಿರುವ ಊರಿನಲ್ಲೇ ದೂರು ಕೊಡಬಹುದು.

ಬೆಳ್ಳಿಯದ್ದೇ ಬೇಕು ಅನ್ನುವವರು ಬೆಂಗಳೂರಿನಲ್ಲಿದ್ದರೆ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ ಕಡೆ ಒಮ್ಮೆ ಸುತ್ತಾಡಿ ದರ ಕೇಳಿ ಬನ್ನಿ. ಬೇರೆ ಊರಿನಲ್ಲಿದ್ದರೆ ಪರಿಚಯದ ಅಕ್ಕಸಾಲಿಗರಿಗೆ ಫೋಟೊ ತೋರಿಸಿ. ಎಲ್ಲೇ ಕೊಂಡರೂ ಬಿಲ್ಲಿನಲ್ಲಿ ‘ಬೆಳ್ಳಿ 925’, ನಿವ್ವಳ ತೂಕ, ಹರಳಿನ ತೂಕ, ಮಜೂರಿ ನಾಲ್ಕೂ ಬೇರೆ ಬೇರೆ ಬರೆಸಿ. ಒಟ್ಟು ತೂಕವೊಂದನ್ನೇ ಬರೆದರೆ ಹರಳಿಗೂ ಬೆಳ್ಳಿ ದರ ಕಟ್ಟಿದ ಹಾಗೆ.