ಹೊಸ ಚೈನ್ ಸಾ ಪ್ಲಗ್ ಪದೇ ಪದೇ ಮಸಿ ಹಿಡಿಯುತ್ತಿದೆಯಾ? ಪ್ಲಗ್ ಬದಲಿಸುತ್ತಾ ಕೂರಬೇಡಿ

ಹೊಸ ಚೈನ್ ಸಾ ತಗೊಂಡವರು, ತಗೋಬೇಕು ಅಂತಿರುವವರು ದಯವಿಟ್ಟು ಇದನ್ನು ಓದಿ. ಎಂಜಿನ್ನಿಗೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಕಪ್ಪಾಗಿ, ಒದ್ದೆಯಾಗಿ ಮೆಷಿನ್ ನಿಂತುಹೋಗುತ್ತಿದ್ದರೆ "ಪ್ಲಗ್ ಸರಿ ಇಲ್ಲ, ಬೇರೆ ಹಾಕಿ" ಅನ್ನುವ ಮಾತನ್ನು ಒಂದು ಸಲಕ್ಕಿಂತ ಜಾಸ್ತಿ ನಂಬಬೇಡಿ. ನನ್ನ ವಾರಂಟಿ ಅವಧಿ ಪೂರ್ತಿ ಆ ಮಾತಿನಲ್ಲೇ ಕಳೆದುಹೋಯಿತು.

ನನ್ನ ಮೆಷಿನ್ ತಣ್ಣಗಿದ್ದಾಗ ಚೆನ್ನಾಗಿಯೇ ಸ್ಟಾರ್ಟ್ ಆಗುತ್ತಿತ್ತು. ಸ್ವಲ್ಪ ಹೊತ್ತು ಮರ ಕೊಯ್ದರೆ ಸದ್ದು ಮಂಕಾಗುತ್ತಿತ್ತು, ಹೊಗೆ ಜಾಸ್ತಿಯಾಗುತ್ತಿತ್ತು, ಕೊನೆಗೆ ಆಫ್. ಬಿಸಿ ಇರುವಾಗ ಎಷ್ಟು ಹಗ್ಗ ಎಳೆದರೂ ಏಳುತ್ತಿರಲಿಲ್ಲ. ಪ್ಲಗ್ ಬಿಚ್ಚಿದರೆ ತುದಿಯಲ್ಲಿ ಮಸಿ, ಮೇಲೆ ಪೆಟ್ರೋಲಿನ ಪಸೆ. ಒರೆಸಿ ಒಣಗಿಸಿ ಹಾಕಿದರೆ ಮತ್ತೆ ಓಡುತ್ತಿತ್ತು, ಮತ್ತೆ ಅದೇ ಕತೆ.

ಮಾರಿದವರು ಮೊದಲು "ಹೊಸ ಎಂಜಿನ್, ಪಳಗುವವರೆಗೆ ಹೀಗೇ" ಅಂದು ಹೊಸ ಪ್ಲಗ್ ಕೊಟ್ಟರು, ಅದಕ್ಕೂ ದುಡ್ಡು ತಗೊಂಡರು. ಮುಂದಿನ ಸಲ "ನಿಮ್ಮ ಆಯಿಲ್ ಮಿಕ್ಸ್ ತಪ್ಪು" ಅಂದರು. ಮೆಷಿನ್ ಜೊತೆ ಬಂದ ಪುಸ್ತಕದಲ್ಲಿ 50:1 ಅಂತ ಇದೆ. ಅಂದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿ 2ಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಬೆರೆಸುವ ಎಣ್ಣೆ). ನಾನು ಅಳತೆ ಲೋಟದಲ್ಲಿ ಅಳೆದೇ ಹಾಕುತ್ತಿದ್ದೆ. ಅವರು ಕೊಟ್ಟ ಸಲಹೆ ಏನು ಗೊತ್ತಾ? "ಹೊಸದಲ್ವಾ, 40 ಮಿಲಿ ಹಾಕಿ." ಅದು ನೇರ ಎರಡು ಪಟ್ಟು. ಮೊದಲೇ ಮಸಿ ಕಟ್ಟುತ್ತಿರುವ ಮೆಷಿನ್‌ಗೆ ಇನ್ನಷ್ಟು ಎಣ್ಣೆ! ಉರಿಯದೆ ಉಳಿದ ಎಣ್ಣೆಯೇ ಪ್ಲಗ್ ಮೇಲೆ, ಸೈಲೆನ್ಸರ್ ಒಳಗೆ ಮಸಿಯಾಗಿ ಕೂರುವುದು. ಪುಸ್ತಕದಲ್ಲಿ ಎಷ್ಟಿದೆಯೋ ಅಷ್ಟೇ ಹಾಕಿ, ಯಾರ ಮಾತಿಗೂ ಬದಲಿಸಬೇಡಿ.

ಇದಕ್ಕಿಂತ ಅಪಾಯದ ಸಲಹೆ ಇನ್ನೊಂದು ಬಂತು. ಅಲ್ಲಿನ ಮೆಕ್ಯಾನಿಕ್ ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸುವ ಕಾರ್ಬ್ಯುರೇಟರ್‌ನ ಎಚ್ ಸ್ಕ್ರೂ (ಜೋರಾಗಿ ಓಡುವಾಗಿನ ಪೆಟ್ರೋಲ್ ಪ್ರಮಾಣ ಹೊಂದಿಸುವುದು) ಬಿಗಿ ಮಾಡಿ ಪೆಟ್ರೋಲ್ ಕಡಿಮೆ ಮಾಡಲು ಹೊರಟರು. ಹಾಗೆ ಮಾಡಿದರೆ ಪ್ಲಗ್ ಸ್ವಚ್ಛವಾಗಿ ಕಾಣಬಹುದು, ಸದ್ದೂ ಚುರುಕಾಗಿ ಕೇಳಬಹುದು. ಆದರೆ ಟೂ ಸ್ಟ್ರೋಕ್ ಎಂಜಿನ್‌ಗೆ ಬೇರೆ ಎಣ್ಣೆ ಇರುವುದಿಲ್ಲ. ಪೆಟ್ರೋಲ್ ಜೊತೆ ಬರುವ ಎಣ್ಣೆಯೇ ಪಿಸ್ಟನ್‌ಗೂ ಬೇರಿಂಗ್‌ಗೂ ಆಧಾರ. ಪೆಟ್ರೋಲ್ ಅತಿಯಾಗಿ ಕಡಿಮೆಯಾದರೆ ಎಣ್ಣೆಯೂ ಕಡಿಮೆ, ಬಿಸಿ ಮಾತ್ರ ಜಾಸ್ತಿ. ಪಿಸ್ಟನ್‌ಗೆ ಗೀರು ಬಿದ್ದು ಸೀಜ್ ಆದರೆ (ಒಳಗೇ ಕಚ್ಚಿಕೊಂಡರೆ) ಎಂಜಿನ್ನೇ ಹೋದಂತೆ. ನಾನು ಬೇಡ ಅಂತ ಅಲ್ಲೇ ತಡೆದೆ. ನೀವೂ ತಡೆಯಿರಿ. ಕಾರಣ ಹುಡುಕದೆ ಆ ಸ್ಕ್ರೂ ಮುಟ್ಟುವವರ ಕೈಗೆ ಮೆಷಿನ್ ಕೊಡಬೇಡಿ.

ವಾರಂಟಿ ಮುಗಿದ ಮೇಲೆ ಬೇರೊಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಪ್ಲಗ್ ನೋಡುವ ಮೊದಲು ಕೇಳಿದ್ದು ಎರಡೇ ಪ್ರಶ್ನೆ. ತಣ್ಣಗಿದ್ದಾಗ ಚೋಕ್ (ಗಾಳಿ ತಡೆದು ಪೆಟ್ರೋಲ್ ಜಾಸ್ತಿ ಎಳೆಸುವುದು) ಇಲ್ಲದೆ ಸ್ಟಾರ್ಟ್ ಆಗುತ್ತಾ? ಟ್ಯಾಂಕ್ ತುಂಬಿಸಿ ಸುಮ್ನೆ ಇಟ್ಟರೆ ಬೆಳಿಗ್ಗೆ ಪ್ಲಗ್ ಒದ್ದೆ ಇರುತ್ತಾ? ಎರಡಕ್ಕೂ ಹೌದು. ಇದೇ ಮಾತನ್ನು ಮಾರಿದವರಿಗೂ ನಾನು ಹೇಳಿದ್ದೆ, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಬೇಡದಿದ್ದಾಗಲೂ ಪೆಟ್ರೋಲ್ ಒಳಗೆ ಸೋರುತ್ತಿದೆ ಅನ್ನುವುದಕ್ಕೆ ಇವೆರಡೂ ಗುರುತು.

ಚೈನ್ ಸಾ ಕಾರ್ಬ್ಯುರೇಟರ್‌ನಲ್ಲಿ ಬೈಕಿನ ಹಾಗೆ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ಇರುವುದಿಲ್ಲ, ಯಾಕೆಂದರೆ ಮೆಷಿನನ್ನು ಹೇಗೆ ಬೇಕಾದರೂ ವಾಲಿಸಿ ಹಿಡಿಯುತ್ತೇವೆ. ಅದರ ಬದಲು ಡಯಾಫ್ರಾಮ್ ಅನ್ನುವ ತೆಳುವಾದ ಪೊರೆ, ಅದಕ್ಕೆ ತಾಗುವ ಚಿಕ್ಕ ಲಿವರ್, ಅದರ ತುದಿಗೆ ಪೆಟ್ರೋಲ್ ಬಿಡುವ, ತಡೆಯುವ ಸೂಜಿ. ನನ್ನದರಲ್ಲಿ ಲಿವರ್ ಎತ್ತರಕ್ಕೆ ಕೂತಿತ್ತು. ಸೂಜಿ ಪೂರ್ತಿ ಮುಚ್ಚುತ್ತಲೇ ಇರಲಿಲ್ಲ. ಚಿಕ್ಕ ಕೈ ಪಂಪಿನಿಂದ ಪೆಟ್ರೋಲ್ ಪೈಪಿಗೆ ಗಾಳಿ ಕೊಟ್ಟು ನೋಡಿದರು, ಒತ್ತಡ ನಿಲ್ಲಲಿಲ್ಲ. ಸೂಜಿ ಬದಲಿಸಿ ಲಿವರ್ ಮಟ್ಟ ಸರಿಮಾಡಿದರು. ಈಗ ಪ್ಲಗ್ ತಿಳಿ ಕಂದು ಬಣ್ಣಕ್ಕೆ ಬಂದಿದೆ, ಇರಬೇಕಾದದ್ದೂ ಹಾಗೆಯೇ.

ಎಲ್ಲರಿಗೂ ಇದೇ ಕಾರಣ ಇರಬೇಕೆಂದಿಲ್ಲ. ಮೊದಲು ಚೋಕ್ ಪೂರ್ತಿ ತೆರೆಯುತ್ತಾ ನೋಡಿ. ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೂ ಒಣ ಮಸಿ ಬರುತ್ತದೆ. ಪ್ಲಗ್ ನಂಬರ್ ಪುಸ್ತಕದಲ್ಲಿರುವುದೇನಾ? ಬೇಕಾದ್ದಕ್ಕಿಂತ ತಣ್ಣಗೆ ಓಡುವ ಪ್ಲಗ್ ಬೇಗ ಮಸಿ ಹಿಡಿಯುತ್ತದೆ. ಪ್ಲಗ್ ತುದಿಯಲ್ಲಿ ಕಿಡಿ ಹಾರುವ ಗ್ಯಾಪ್ ಸಾಮಾನ್ಯವಾಗಿ 0.5 ಮಿಮೀ. ಬಿಸಿಯಾದಾಗ ಮಾತ್ರ ಕಿಡಿ ಸತ್ತರೆ ಕಿಡಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಮೇಲೂ ಅನುಮಾನ ಪಡಿ. ಕಿಡಿ ನೋಡುವಾಗ ಪ್ಲಗ್ಗನ್ನು ಅದರ ತೂತಿನಿಂದ ದೂರ ಇಡಿ. ಹಗ್ಗ ಎಳೆದಾಗ ಅಲ್ಲಿಂದ ಪೆಟ್ರೋಲ್ ಆವಿ ಚಿಮ್ಮುತ್ತದೆ, ಹೊತ್ತಿಕೊಂಡರೆ ಮುಖಕ್ಕೇ ಬೆಂಕಿ. ಪ್ಲಗ್ ತುದಿ ಬೆಳ್ಳಗಾಗಿದ್ದರೆ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಅತಿಯಾಗಿ ಬಿಸಿಯಾಗುತ್ತಿರಬಹುದು, ಮೆಷಿನ್ ಓಡಿಸುವುದನ್ನೇ ನಿಲ್ಲಿಸಿ.

ವಾರಂಟಿ ಇರುವವರು ಕಾರ್ಬ್ಯುರೇಟರ್ ಬಿಚ್ಚಬೇಡಿ, ಸ್ಕ್ರೂ ಮೇಲಿನ ಪ್ಲಾಸ್ಟಿಕ್ ಕ್ಯಾಪ್ ಕೀಳಬೇಡಿ. ಚೋಕ್ ಇಲ್ಲದೆ ಸ್ಟಾರ್ಟ್ ಆಗುವುದನ್ನೂ ಬೆಳಗಿನ ಒದ್ದೆ ಪ್ಲಗ್ಗನ್ನೂ ವಿಡಿಯೋ ಮಾಡಿ ತೋರಿಸಿ. ಪ್ರತಿ ಸಲ ಮೆಷಿನ್ ಬಿಟ್ಟು ಬರುವಾಗ ತೊಂದರೆ ಏನೆಂದು ಬರೆದ ಚೀಟಿಗೆ ಸಹಿ, ತಾರೀಕು ಹಾಕಿಸಿಕೊಳ್ಳಿ. ನನಗೆ ಬರೀ ಬಾಯಿಮಾತಿನ ಭರವಸೆ ಸಿಕ್ಕಿತ್ತು, ಅವಧಿ ಮುಗಿದ ಮೇಲೆ ಅವರು ಆ ಮಾತೇ ಆಡಿಲ್ಲ ಅಂದರು. ಅವರು ಮತ್ತೆ ಹೊಸ ಪ್ಲಗ್ ಚಾಚಿದರೆ ತಗೋಬೇಡಿ. ಸೂಜಿಗೆ ಒತ್ತಡ ಕೊಟ್ಟು ಪರೀಕ್ಷೆ ಮಾಡಿ, ಬಂದ ಫಲಿತಾಂಶವನ್ನು ಅದೇ ಚೀಟಿಯಲ್ಲಿ ಬರೆದು ಕೊಡಿ ಅಂತ ಕೇಳಿ.