ಘಾಟಿಯಲ್ಲಿ ಗುಂಪು ಚದುರದಿರಲು: ಇಂಟರ್‌ಕಾಮ್, ಲೈವ್ ಲೊಕೇಶನ್ ಮತ್ತು ಮಾರ್ಕರ್

ಎಂಟು ಬೈಕಿನ ಗುಂಪಿಗೆ ಇಂಟರ್‌ಕಾಮ್ (ಓಡಿಸುತ್ತಲೇ ಮಾತಾಡಲು ಹೆಲ್ಮೆಟ್ಟಿಗೆ ಹಾಕುವ ಸೆಟ್) ತಗೊಳ್ಳೋಣ ಅಂತ ಹೊರಟಿದ್ದರೆ, ಮೊದಲು ಒಂದು ಹಳದಿ ರೇಡಿಯಂ ಜಾಕೆಟ್ ತಗೊಳ್ಳಿ. ಕೆಲವು ನೂರು ರೂಪಾಯಿಯ ಆ ಜಾಕೆಟ್ಟನ್ನು ಕೊನೆಯ ಬೈಕಿನವನಿಗೆ ಹಾಕಿಸಿ ಮಾರ್ಕರ್ ಪದ್ಧತಿಯಲ್ಲಿ (ಕೂಡುರಸ್ತೆಯಲ್ಲಿ ಒಬ್ಬ ನಿಂತು ಹಿಂದಿನವರಿಗೆ ದಾರಿ ತೋರಿಸುವುದು) ಓಡಿಸಿದರೆ ಮಲೆನಾಡಿನ ಒಳರಸ್ತೆಯಲ್ಲಿ ಯಾರೂ ತಪ್ಪಿಸಿಕೊಳ್ಳುವುದಿಲ್ಲ. ಹತ್ತಾರು ಸಾವಿರ ಸುರಿದ ಇಂಟರ್‌ಕಾಮ್ ಬಗ್ಗೆ ಈ ಮಾತು ಹೇಳಲು ನನಗೆ ಧೈರ್ಯವಿಲ್ಲ.

ದಸರಾ ಕಳೆದು ದೀಪಾವಳಿಯ ಆಸುಪಾಸಿನ ವಾರಾಂತ್ಯವನ್ನೇ ಲೆಕ್ಕಕ್ಕೆ ತಗೊಳ್ಳಿ. ಮಳೆಗಾಲ ಮುಗಿದಿರುತ್ತದೆ, ಹಸಿರು ಮಾಸಿರುವುದಿಲ್ಲ, ಝರಿಗಳಲ್ಲಿ ನೀರಿರುತ್ತದೆ. ಆದರೆ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರಬಹುದು, ಬಿಸಿಲು ತಾಗದ ತಿರುವುಗಳ ಅಂಚಿನಲ್ಲಿ ಪಾಚಿ ಒಣಗಿರುವುದಿಲ್ಲ, ಬೆಳಿಗ್ಗೆ ಮಂಜು. ಪಾಚಿ ಕಂಡು ಒಬ್ಬ ವೇಗ ಇಳಿಸುತ್ತಾನೆ, ಇನ್ನೊಬ್ಬ ಇಳಿಸುವುದಿಲ್ಲ. ಹತ್ತು ಕಿಲೋಮೀಟರ್ ಆಗುವಷ್ಟರಲ್ಲಿ ಗುಂಪು ಮೂರು ತುಂಡು. ಹಾಗಾಗಿ ಗುಂಪು ಚದುರುವುದನ್ನು ತಡೆಯಲು ಆಗುವುದಿಲ್ಲ. ಚದುರಿದವರು ದಾರಿ ತಪ್ಪದಂತೆ ನೋಡಿಕೊಳ್ಳಬಹುದು, ಅಷ್ಟೇ.

ದಾರಿಯೂ ಒಂದಿರಲಿ. ಶನಿವಾರ ಮೂಡಿಗೆರೆ, ಕೊಟ್ಟಿಗೆಹಾರ, ಕಳಸ, ಕುದುರೆಮುಖ, ಎಸ್‌.ಕೆ. ಬಾರ್ಡರ್ (ಸೌತ್ ಕೆನರಾ ಗಡಿ), ಶೃಂಗೇರಿ. ಭಾನುವಾರ ಜಯಪುರ, ಬಾಳೆಹೊನ್ನೂರು, ಆಲ್ದೂರು ಮೇಲೆ ಚಿಕ್ಕಮಗಳೂರು. ಕೊಟ್ಟಿಗೆಹಾರದಲ್ಲಿ ಕಳಸದ ಕಡೆ ತಿರುಗದೆ ನೇರ ಹೋದವನು ಚಾರ್ಮಾಡಿ ಘಾಟಿ ಇಳಿದು ಉಜಿರೆಯಲ್ಲಿ ಕಣ್ಣು ಬಿಡುತ್ತಾನೆ. ಎಸ್‌.ಕೆ. ಬಾರ್ಡರಿನಲ್ಲಿ ತಪ್ಪಿದವನು ಕಾರ್ಕಳ ಸೇರುತ್ತಾನೆ. ಇಲ್ಲಿ ಒಂದೊಂದು ತಪ್ಪು ತಿರುವಿಗೂ ಒಂದೊಂದು ಘಾಟಿ ದಂಡ.

ಬ್ಲೂಟೂತ್ ಇಂಟರ್‌ಕಾಮ್ ಇಬ್ಬರಿಗೆ ಚೆನ್ನ. ಹಿಂದೆ ಕೂತವರ ಜೊತೆ ಮಾತಾಡಲು ಇನ್ನೂ ಚೆನ್ನ. ನಾಲ್ಕು ಜನರ ಸರಪಳಿ ಮಾಡಿದಾಗ ಕಾಟ ಶುರು. ಇದನ್ನು ಅಂಗಡಿಯವರು ಹೇಳುವುದಿಲ್ಲ, ಡಬ್ಬದ ಮೇಲೂ ಬರೆದಿರುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು.

ಸರಪಳಿಯಲ್ಲಿ ಒಂದು ಸೆಟ್ ತನ್ನ ಹಿಂದಿನ ಮತ್ತು ಮುಂದಿನ ಸೆಟ್‌ಗೆ ಮಾತ್ರ ಕೈ ಹಿಡಿದಿರುತ್ತದೆ. ಒಂದನೆಯವನ ಮಾತು ನಾಲ್ಕನೆಯವನಿಗೆ ಹೋಗುವುದು ಎರಡು, ಮೂರರ ಮೂಲಕ. ಮನೆಯಲ್ಲಿ ಪೇರ್ ಮಾಡಿದ ಕ್ರಮದಲ್ಲೇ ರಸ್ತೆಯಲ್ಲೂ ಬೈಕುಗಳು ಇರಬೇಕು. ಮೂಡಿಗೆರೆಯ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿ ಹೊರಡುವಾಗ ಮೂರನೆಯವನು ಮೊದಲು ಹೊರಟ, ಎರಡನೆಯವನು ಹೆಲ್ಮೆಟ್ ಪಟ್ಟಿ ಹಾಕಿಕೊಳ್ಳುತ್ತಾ ಕೊನೆಗೆ ಬಂದ ಅನ್ನಿ. ಈಗ ಒಂದು ಮತ್ತು ಎರಡರ ನಡುವೆ ಎರಡು ಹೇರ್‌ಪಿನ್, ಒಂದು ಗುಡ್ಡ. ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಜ್‌ನಲ್ಲಿ, ಗುಡ್ಡ ಅದನ್ನು ತಡೆಯುತ್ತದೆ, ನೀರು ಹೀರಿದ ದಟ್ಟ ಎಲೆ ಕೂಡ ಹೀರಿಕೊಳ್ಳುತ್ತದೆ. ಹೈವೇಯಲ್ಲಿ ಅರ್ಧ ಕಿಲೋಮೀಟರ್ ಕೇಳಿಸಿದ್ದು ಇಲ್ಲಿ ಎರಡು ತಿರುವಿನಾಚೆ ಸತ್ತಿರುತ್ತದೆ. ಆ ಕೊಂಡಿ ಕಳಚಿದ ಕೂಡಲೇ ಇಡೀ ಸರಪಳಿ ಎರಡು ಹೋಳು.

ಆಮೇಲಿನದು ಇನ್ನೂ ತಲೆನೋವು. ಕೊಂಡಿ ಕಳಚಿದ ಸೆಟ್ ಮತ್ತೆ ಮತ್ತೆ ಹುಡುಕುತ್ತಾ ಕಿವಿಯಲ್ಲಿ ಬೀಪ್ ಹೊಡೆಯುತ್ತದೆ. ಕೆಲವು ಸೆಟ್‌ಗಳಲ್ಲಿ ಆ ಹೊತ್ತಿಗೆ ಫೋನಿನ ಮ್ಯಾಪ್ ಧ್ವನಿಯೂ ಕೇಳುವುದಿಲ್ಲ. ಮತ್ತೆ ಜೋಡಿಸಲು ಗುಂಡಿ ಒತ್ತಬೇಕು, ಗ್ಲೌಸ್ ಹಾಕಿದ ಬೆರಳಿಗೆ ಆ ಗುಂಡಿ ಸಿಗುವುದಿಲ್ಲ, ಎಡಗೈ ತಿರುವಿನಲ್ಲಿ ಕ್ಲಚ್ ಮೇಲಿರಬೇಕಾದಾಗ ಹೆಲ್ಮೆಟ್ ಮೇಲಿರುತ್ತದೆ. ಕೊನೆಗೆ ಎಲ್ಲರೂ ರಸ್ತೆ ಬದಿ ನಿಲ್ಲಿಸಿ ಮತ್ತೆ ಪೇರಿಂಗ್.

ತೊಂದರೆಯ ಮೂಲ ಇರುವುದು ಕೊನೆಯ ಬೈಕಿನಲ್ಲಿ. ಪಂಚರ್ ಆದದ್ದು, ಯಾರೋ ಜಾರಿ ಬಿದ್ದದ್ದು ಮೊದಲು ಗೊತ್ತಾಗುವುದು ಸ್ವೀಪ್‌ಗೆ, ಅಂದರೆ ಕೊನೆಯ ಬೈಕಿನವನಿಗೆ. ಅದನ್ನು ತಿಳಿಯಬೇಕಾದವನು ಲೀಡ್, ಅಂದರೆ ಎಲ್ಲರಿಗಿಂತ ಮುಂದಿರುವವನು. ಸರಪಳಿಯಲ್ಲಿ ಇವರಿಬ್ಬರೇ ಪರಸ್ಪರ ಅತಿ ದೂರ.

ಆದರೂ ಬ್ಲೂಟೂತ್ ಸೆಟ್ ಕೈಯಲ್ಲಿದ್ದರೆ ಹೀಗೆ ಮಾಡಿ: ಹಿಂದಿನ ರಾತ್ರಿಯೇ ಪೇರ್ ಮಾಡಿ ಹೆಲ್ಮೆಟ್ ಹಿಂದೆ 1, 2, 3, 4 ಸ್ಟಿಕರ್ ಅಂಟಿಸಿ, ಪ್ರತಿ ನಿಲುಗಡೆಯಿಂದಲೂ ಅದೇ ಕ್ರಮದಲ್ಲಿ ಹೊರಡಿ. ಮೈಕ್‌ನ ಸ್ಪಾಂಜು ತುಟಿಗೆ ಹತ್ತಿರವಿರಲಿ. ಸ್ಪೀಕರ್ ಕಿವಿಯ ರಂಧ್ರಕ್ಕೆ ಸರಿಯಾಗಿ ಎದುರಿರಬೇಕು, ಒಂದು ಸೆಂಟಿಮೀಟರ್ ಸರಿದರೂ ಗಾಳಿಯ ಸದ್ದಿನಲ್ಲಿ ಏನೂ ಕೇಳುವುದಿಲ್ಲ. ಹೋಂಸ್ಟೇಯಲ್ಲಿ ಕರೆಂಟು ಹೋಗುವುದು ಮಾಮೂಲು, ಪವರ್ ಬ್ಯಾಂಕ್ ಇರಲಿ.

ಇನ್ನೊಂದು ಬಗೆಯ ಇಂಟರ್‌ಕಾಮ್ ಆದ ಮೆಶ್ ಸೆಟ್‌ಗಳಲ್ಲಿ ಕ್ರಮದ ಕಾಟವಿಲ್ಲ. ಯಾರು ಎಲ್ಲಿದ್ದರೂ ಹತ್ತಿರದ ಸೆಟ್ ಮೂಲಕ ದಾರಿ ಹುಡುಕಿಕೊಳ್ಳುತ್ತವೆ, ಬಿಟ್ಟುಹೋದವನು ಹತ್ತಿರ ಬಂದಾಗ ತಾನಾಗಿ ಸೇರುತ್ತಾನೆ. ಒಳ್ಳೆಯದೇ. ಆದರೆ ಬೇರೆ ಬೇರೆ ಕಂಪನಿಯ ಮೆಶ್‌ಗಳು ಸಾಮಾನ್ಯವಾಗಿ ಒಂದಕ್ಕೊಂದು ಕೂಡುವುದಿಲ್ಲ, ಮತ್ತೆ ಬ್ಲೂಟೂತ್‌ಗೇ ಇಳಿಯಬೇಕು. ಎಂಟೂ ಜನ ಒಂದೇ ಕಂಪನಿಯದು ಕೊಂಡರೆ ಒಟ್ಟು ಮೊತ್ತದಲ್ಲಿ ಸೆಕೆಂಡ್ ಹ್ಯಾಂಡ್ ಬೈಕ್ ಬರುತ್ತದೆ. ಖರ್ಚು ಉಳಿಸಲು ಲೀಡ್ ಮತ್ತು ಸ್ವೀಪ್‌ಗೆ ಮಾತ್ರ ಮೆಶ್ ಕೊಳ್ಳುವ ಉಪಾಯ ಹಲವರಿಗೆ ಹೊಳೆಯುತ್ತದೆ. ಅದು ನಡೆಯುವುದಿಲ್ಲ, ನಡುವೆ ಮಾತು ದಾಟಿಸುವ ಸೆಟ್‌ಗಳೇ ಇಲ್ಲದ ಮೇಲೆ ಮೆಶ್ ಎಲ್ಲಿ ಬಂತು?

ವಾಕಿ ಟಾಕಿ: ಲೈಸೆನ್ಸ್ ಬೇಡದ್ದು 446.0ರಿಂದ 446.2 ಮೆಗಾಹರ್ಟ್ಜ್ ಪಟ್ಟಿಯ ಕಡಿಮೆ ಶಕ್ತಿಯ ಸೆಟ್ ಮಾತ್ರ. ಬೈಕ್ ಓಡಿಸುತ್ತಾ ಬಳಸುವ ವಸ್ತುವಲ್ಲ.

ವಾಟ್ಸಾಪ್ ಲೈವ್ ಲೊಕೇಶನ್‌ಗೆ ಖರ್ಚಿಲ್ಲ, ಆದರೆ ಇದು ಸುಳ್ಳು ಧೈರ್ಯ ಕೊಡುತ್ತದೆ. ಕಳಸ ದಾಟಿ ಕಾಡು ಹೊಕ್ಕ ಮೇಲೆ ಸಿಗ್ನಲ್ ನಂಬುವಂತಿಲ್ಲ. ಡೇಟಾ ಹೋದಾಗ ಚುಕ್ಕೆ ಮಾಯವಾಗುವುದಿಲ್ಲ, ಕೊನೆಗೆ ಸಿಗ್ನಲ್ ಇದ್ದ ಜಾಗದಲ್ಲೇ ಕೂತಿರುತ್ತದೆ. ನೋಡಿದವರಿಗೆ ಬೈಕ್ ಅಲ್ಲೇ ಕೆಟ್ಟು ನಿಂತಂತೆ ಕಾಣುತ್ತದೆ, ಹುಡುಕಿಕೊಂಡು ಒಬ್ಬ ವಾಪಸ್ ಹೋಗುತ್ತಾನೆ, ಈಗ ಕಾಣೆಯಾದವರು ಇಬ್ಬರು. ಕೊನೆಯ ಅಪ್‌ಡೇಟ್ ಎಷ್ಟು ಹೊತ್ತಿನ ಹಿಂದಿನದು ಎಂದು ಓದದೆ ಚುಕ್ಕೆ ನಂಬಬೇಡಿ. ಮ್ಯಾಪ್‌ನ ಆಫ್‌ಲೈನ್ ಭಾಗವನ್ನು ಎಲ್ಲರೂ ಇಳಿಸಿಕೊಂಡಿರಲಿ, ಅದು ಬೇರೆ ವಿಷಯ, ಬೇಕೇ ಬೇಕು.

ಕನ್ನಡಿ ನಿಯಮ, ಅಂದರೆ ಪ್ರತಿಯೊಬ್ಬನೂ ತಿರುವಿನಲ್ಲಿ ಹಿಂದಿನವನು ಕಾಣುವ ತನಕ ನಿಲ್ಲುವುದು, ನಾಲ್ಕು ಬೈಕಿಗೆ ಸಾಕು. ಅದಕ್ಕಿಂತ ಹೆಚ್ಚಾದರೆ ಎಲ್ಲರ ಕಣ್ಣೂ ಹಿಂದಿರುತ್ತದೆ, ರಸ್ತೆ ಮುಂದಿರುತ್ತದೆ.

ಇನ್ನು ಮಾರ್ಕರ್. ಲೀಡ್ ಮತ್ತು ಸ್ವೀಪ್ ಇಡೀ ದಿನ ಬದಲಾಗುವುದಿಲ್ಲ. ಕೂಡುರಸ್ತೆ ಬಂದಾಗ ಲೀಡ್ ಎಡಗೈಯಿಂದ ಒಂದು ಜಾಗ ತೋರಿಸುತ್ತಾನೆ. ಆಗ ಎರಡನೆಯ ಸ್ಥಾನದಲ್ಲಿ ಯಾರಿದ್ದಾರೋ ಅವರು ಅಲ್ಲಿ ನಿಂತು ಹಿಂದಿನವರಿಗೆಲ್ಲ ದಾರಿ ತೋರಿಸಬೇಕು. ಹಳದಿ ಜಾಕೆಟ್ ಬಂದ ಮೇಲೆ ಅದರ ಮುಂದೆ ಸೇರಿಕೊಳ್ಳಬೇಕು. ಲೀಡ್‌ನನ್ನು ಯಾರೂ ದಾಟಬಾರದು, ಸ್ವೀಪ್‌ಗಿಂತ ಹಿಂದೆ ಯಾರೂ ಉಳಿಯಬಾರದು. ನಡುವಿನವರು ತಮ್ಮ ವೇಗದಲ್ಲಿ ಬರಲಿ, ಹಿಂದಿನವನು ಬೇಕಾದರೆ ದಾಟಲಿ. ಹೊಸಬರು ಬೇರೆಯವರನ್ನು ಅಟ್ಟಿಸಿಕೊಂಡು ಹೋಗಿ ತಿರುವಿನಲ್ಲಿ ಹೊರ ಅಂಚಿಗೆ ಹೋಗಿಬಿಡುವುದು ಇದರಿಂದಲೇ ತಪ್ಪುತ್ತದೆ. ಈ ಒಂದು ಕಾರಣ ಸಾಕು ನನಗೆ.

ನಿಲ್ಲುವ ಜಾಗವನ್ನು ಲೀಡ್ ಯೋಚಿಸಿ ತೋರಿಸಬೇಕು. ತಿರುವಿನ ಒಳಗೆ ಬೇಡ. ಕೂಡುರಸ್ತೆಗೆ ಹತ್ತು ಹದಿನೈದು ಮೀಟರ್ ಮೊದಲೇ, ಎಡಬದಿಯಲ್ಲಿ, ಬರುವವರಿಗೆ ದೂರದಿಂದ ಕಾಣುವ ಕಡೆ. ಮಳೆ ಬಿದ್ದ ಕೆಮ್ಮಣ್ಣಿನಲ್ಲಿ ಸೈಡ್ ಸ್ಟ್ಯಾಂಡ್ ನಿಧಾನವಾಗಿ ಇಳಿಯುತ್ತದೆ, ಐದು ನಿಮಿಷಕ್ಕೆ ಬೈಕ್ ಮಲಗುತ್ತದೆ. ಚಪ್ಪಟೆ ಕಲ್ಲು ಹುಡುಕಿ, ಇಲ್ಲವೇ ಒಂದು ತಗಡಿನ ಡಬ್ಬದ ಮುಚ್ಚಳ ಟ್ಯಾಂಕ್ ಬ್ಯಾಗಿನಲ್ಲಿರಲಿ. ಇಂಡಿಕೇಟರ್ ಮಿನುಗಿಸುತ್ತಾ ಇಗ್ನಿಷನ್ ಆನ್ ಇಟ್ಟು ಕಾಲು ಗಂಟೆ ನಿಂತರೆ ಹಳೆಯ ಬ್ಯಾಟರಿ ಸೆಲ್ಫ್ ಎತ್ತುವುದಿಲ್ಲ. ಕೀ ತೆಗೆದು ಕೈಯಲ್ಲೇ ದಾರಿ ತೋರಿಸಿ.

ಪದ್ಧತಿ ಕೆಡುವುದು ಒಂದೇ ಕಡೆ: ಸ್ವೀಪ್ ಬರುವ ಮೊದಲೇ ಮಾರ್ಕರ್ ಹೊರಟುಬಿಡುವುದು. "ಎಲ್ಲರೂ ಹೋದ ಹಾಗಿತ್ತು" ಅನ್ನುವ ಲೆಕ್ಕ ಬೇಡ, ಬೈಕ್ ಎಣಿಸಲೂ ಬೇಡ, ಹಳದಿ ಜಾಕೆಟ್ ಕಂಡರೆ ಮಾತ್ರ ಹೊರಡಿ. ಅರ್ಧ ಗಂಟೆ ಆದರೂ ಸ್ವೀಪ್ ಬರದಿದ್ದರೆ? ಮಾರ್ಕರ್ ಅಲ್ಲೇ ಇರಬೇಕು. ವಾಪಸ್ ಬರುವುದು ಲೀಡ್‌ನ ಕೆಲಸ. ಇದನ್ನು ಬೆಳಿಗ್ಗೆ ಹೊರಡುವ ಮೊದಲೇ ಹೇಳಿಬಿಡಬೇಕು.

ಎಂಟು ಬೈಕಿನಲ್ಲಿ ಮಾರ್ಕರ್ ಆಗಲು ಸಿಗುವವರು ಆರು ಜನ. ಕಳಸದಂಥ ಪೇಟೆಯಲ್ಲಿ ತಿರುವುಗಳು ಒತ್ತೊತ್ತಾಗಿದ್ದರೆ ಬೇಗ ಖಾಲಿಯಾಗುತ್ತಾರೆ. ಕನ್ನಡಿಯಲ್ಲಿ ಒಂದೇ ಬೈಕ್ ಉಳಿದಾಗ ಲೀಡ್ ನಿಲ್ಲಬೇಕು, ಚಹಾ ಕುಡಿಯಬೇಕು. ಕೊಟ್ಟಿಗೆಹಾರದಲ್ಲಿ ಹೇಗೂ ಎಲ್ಲರೂ ನೀರುದೋಸೆಗೆ ನಿಲ್ಲುವುದರಿಂದ ಮಾರ್ಕರ್ ಖರ್ಚು ಉಳಿಯುತ್ತದೆ. ಕುದುರೆಮುಖದ ಕಾಡಿನ ಭಾಗದಲ್ಲಿ ಚೆಕ್‌ಪೋಸ್ಟಿನಲ್ಲಿ ಸಮಯ ಬರೆದ ಚೀಟಿ ಕೊಡುತ್ತಾರೆ, ನಡುವೆ ನಿಲ್ಲಿಸುವಂತಿಲ್ಲ. ಅಲ್ಲಿ ದಾರಿಯೂ ಒಂದೇ, ಎಸ್‌.ಕೆ. ಬಾರ್ಡರ್ ಬರುವ ತನಕ ಮಾರ್ಕರ್ ಬೇಕಾಗುವುದಿಲ್ಲ.

ಐದು ಬೈಕಿಗಿಂತ ಕಡಿಮೆ ಇದ್ದರೆ ಕನ್ನಡಿ ನಿಯಮ ಸಾಕು. ಹಿಂದೆ ಹೆಂಡತಿಯೋ ಗಂಡನೋ ಕೂತು ಮಾತು ಬೇಕೆಂದರೆ ಕಡಿಮೆ ಬೆಲೆಯ ಬ್ಲೂಟೂತ್ ಜೋಡಿ ಕೊಳ್ಳಿ, ದುಡ್ಡು ದಂಡವಲ್ಲ. ವರ್ಷವಿಡೀ ಅದೇ ಆರೇಳು ಜನ ಒಟ್ಟಿಗೆ ಓಡಿಸುವವರಾದರೆ ಮೆಶ್ ನೋಡಬಹುದು. ಪ್ರತಿ ಸಲ ಇಬ್ಬರು ಮೂವರು ಹೊಸಬರು ಸೇರಿಕೊಳ್ಳುವ ನಮ್ಮಂಥ ಗುಂಪಿಗೆ ಮಾರ್ಕರ್ ಪದ್ಧತಿಯೇ ಸರಿ. ಇಂಟರ್‌ಕಾಮಿಗೆ ಎತ್ತಿಟ್ಟ ದುಡ್ಡಲ್ಲಿ ಮುಂದಿನ ಟೈರ್ ಹೊಸದು ಹಾಕಿಸಿ, ಟ್ಯೂಬ್‌ಲೆಸ್ ಪಂಚರ್ ಕಿಟ್ ಮತ್ತು ಗಾಳಿ ಪಂಪ್ ಸ್ವೀಪ್ ಬೈಕಿನಲ್ಲಿ ಇಡಿಸಿ.